ಇನ್ನೂರು ಗ್ರಾಂ

"ಅಕ್ಕಾ, ಅವನು ಒಂದಲ್ಲ ಒಂದು ದಿನ ತೂಕದ ಮಿಷನ್ ಮುಂದೆ ನಿಂತು ಅಳ್ತಾನೆ. ನಾನು ಅಳಿಸ್ತೀನಿ. ನಿನ್ನಾಣೆ."

ಈ ಮಾತು ಕೊಟ್ಟಾಗ ತಂಗಿಗೆ ಹನ್ನೆರಡು ವರ್ಷ. ಕೊಟ್ಟದ್ದು ಕ್ರೀಡಾಂಗಣದ ಬಟ್ಟೆ ಬದಲಿಸುವ ಕೋಣೆಯಲ್ಲಿ, ಗೋಡೆಗೆ ಹಣೆ ಒತ್ತಿಕೊಂಡು ಕೂತಿದ್ದ ಅಕ್ಕನಿಗೆ. ಹತ್ತೊಂಬತ್ತರ ಅಕ್ಕ ಆಗ ಐವತ್ತೆರಡು ಕೆ.ಜಿ. ಜೂಡೋದಲ್ಲಿ ಇಡೀ ದೇಶಕ್ಕೆ ಮೊದಲಿಗಳು. ಖಂಡ ಮಟ್ಟದ ಚಾಂಪಿಯನ್‌ಶಿಪ್‌ಗೆ ಹೋಗುವ ತಂಡದ ಆಯ್ಕೆ ಅವತ್ತು. ಅಕ್ಕ ಹೋಗುವುದು ಎಷ್ಟು ಖಾತ್ರಿಯಾಗಿತ್ತೆಂದರೆ ಅಮ್ಮ ಸೂಟ್‌ಕೇಸಿನ ಹರಿದ ಜಿಪ್ಪನ್ನೂ ಹೊಲಿಸಿಟ್ಟಿದ್ದಳು. ಆದರೆ ಅಕ್ಕ ಮ್ಯಾಟಿನ ತನಕ ಹೋಗಲೇ ಇಲ್ಲ. ತೂಕ ಇನ್ನೂರು ಗ್ರಾಂ ಹೆಚ್ಚಾಗಿ, ಹೊರಗೆ ನಿಂತಳು.

ತೂಕದ ದಿನ ಎರಡು ಬಗೆಯ ಮಿಷನ್ ಇಟ್ಟಿರುತ್ತಾರೆ. ಹೊರಗಿನದು ಟ್ರಯಲ್ ಮಿಷನ್; ಅದನ್ನು ಯಾರು ಎಷ್ಟು ಸಲ ಬೇಕಾದರೂ ಹತ್ತಬಹುದು. ಒಳಗಿನದು ಅಧಿಕೃತ, ಅದನ್ನು ಹತ್ತುವುದು ಒಂದೇ ಸಲ, ತೋರಿಸಿದ್ದೇ ಲೆಕ್ಕ. ಹಾಗಾಗಿ ಎಲ್ಲರೂ ಹೊರಗಿನದನ್ನೇ ನಂಬಿ ಒಳಗೆ ಹೋಗುತ್ತಾರೆ. ಅಕ್ಕನೂ ನಂಬಿದ್ದಳು. ಹೊರಗೆ ಐವತ್ತೊಂದು ಪಾಯಿಂಟ್ ಏಳು ತೋರಿಸಿತು. "ಅಬ್ಬಾ, ಮುನ್ನೂರು ಗ್ರಾಂ ಕೈಯಲ್ಲಿದೆ ಕಣೇ, ಒಂದು ಗುಟುಕು ನೀರು ಕೊಡು" ಎಂದಳು. ಹಿಂದಿನ ದಿನದಿಂದ ನೀರು ಮುಟ್ಟದವಳ ತುಟಿ ಬಿರಿದಿತ್ತು. ತಂಗಿ ಓಡಿಹೋಗಿ ಲೋಟ ತುಂಬಿಸಿ ತಂದಳು. ಅಕ್ಕ ಕಣ್ಣು ಮುಚ್ಚಿ ಕುಡಿದಳು. ಒಳಗಿನ ಮಿಷನ್ ಐವತ್ತೆರಡು ಪಾಯಿಂಟ್ ಎರಡು ಎಂದಿತು.

ಟ್ರಯಲ್ ಮಿಷನ್ನು ಸುಳ್ಳು ಹೇಳಿದ್ದೇಕೆಂದು ಬಲ್ಲವರು ಇಬ್ಬರೇ. ಒಬ್ಬ ಶಿಳ್ಳೆ. ಸದಾ ಕುತ್ತಿಗೆಯಲ್ಲಿ ಶಿಳ್ಳೆ ನೇತುಹಾಕಿಕೊಂಡೇ ಓಡಾಡುತ್ತಿದ್ದ ಎಳೆಯ ಕೋಚ್, ಅಕ್ಕನ ಹಿಂದಿನ ಸ್ಥಾನದಲ್ಲಿದ್ದ ಹುಡುಗಿಯನ್ನು ತಯಾರು ಮಾಡುತ್ತಿದ್ದವನು. ಬೆಳಿಗ್ಗೆ ಯಾರೂ ಇಲ್ಲದ ಹೊತ್ತಲ್ಲಿ ಮಿಷನ್ನಿನ ಒಂದು ತುದಿ ಹಿಡಿದು, "ಪುಟ್ಟೀ, ಆ ಕಡೆ ಸ್ವಲ್ಪ ಎತ್ತಮ್ಮಾ, ನೆಲ ಒದ್ದೆಯಾಗಿದೆ, ಮಿಷನ್ ಹಾಳಾಗುತ್ತೆ" ಎಂದಿದ್ದ. ಇಬ್ಬರೂ ಸೇರಿ ಅದನ್ನು ಮೆತ್ತನೆ ಮ್ಯಾಟಿನ ಮೇಲಿಟ್ಟಿದ್ದರು. ಮಿಷನ್ನಿನ ಗಿಡ್ಡ ಕಾಲುಗಳು ಮ್ಯಾಟಿನಲ್ಲಿ ಹೂತು ಹೊಟ್ಟೆ ಮ್ಯಾಟಿಗೆ ತಾಗಿದರೆ, ನಿಂತವರ ಭಾರದಲ್ಲಿ ಒಂದಿಷ್ಟನ್ನು ಮ್ಯಾಟೇ ಹೊತ್ತುಕೊಂಡುಬಿಡುತ್ತದೆ. ಮಿಷನ್ ಕಡಿಮೆ ತೋರಿಸುತ್ತದೆ. ಶಿಳ್ಳೆಗೆ ಇದು ಗೊತ್ತಿತ್ತು. ಪುಟ್ಟಿಗೆ ಆಗ ಗೊತ್ತಿರಲಿಲ್ಲ. ಅವನು ಶಾಬಾಸ್ ಎಂದು ಅವಳ ತಲೆ ಸವರಿ, ತನ್ನ ಹುಡುಗಿಯನ್ನು ಆ ಮಿಷನ್ನಿನ ಹತ್ತಿರಕ್ಕೂ ಬಿಡದೆ ಒಳಗೆ ಕಳಿಸಿದ್ದ.

ತೂಕ ತಪ್ಪಿದ ಮೇಲೆ ಅದನ್ನು ಬಲ್ಲ ಎರಡನೆಯವಳು ಆ ಪುಟ್ಟಿ, ತಂಗಿಯೇ. ಶಿಳ್ಳೆಯೇ ಮಿಷನ್ ಸರಿಸಿದ್ದು ಎಂದು ಅಕ್ಕನಿಗೆ ಹೇಳಿದಳು. ಇನ್ನೊಂದು ತುದಿ ಹಿಡಿದವಳು ತಾನೆಂದು ಹೇಳಲಿಲ್ಲ. ಅದರ ಬದಲು ಆಣೆ ಬಾಯಿಗೆ ಬಂತು.

ಇಪ್ಪತ್ತಾರು ವರ್ಷ ಉರುಳಿತು. ಶಿಳ್ಳೆಯ ಹುಡುಗಿ ಖಂಡದ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಳು. ಅವಳನ್ನೇ ಮದುವೆಯಾಗಿ ಅವನು ಬೇರೆ ದೇಶಕ್ಕೆ ಹೋದ, ಅಲ್ಲೇ ಬೇರು ಬಿಟ್ಟ, ಅಲ್ಲಿನ ತಂಡಕ್ಕೇ ಕೋಚ್ ಆದ. ಅಕ್ಕ ಮತ್ತೆ ಮ್ಯಾಟ್ ಹತ್ತಲಿಲ್ಲ. ಆಸ್ಪತ್ರೆಯೊಂದರ ಲಾಂಡ್ರಿ ಸೇರಿ, ಒಂದು ಕಾಲಕ್ಕೆ ಎದುರಾಳಿಯ ಕೊರಳಪಟ್ಟಿ ಹಿಡಿದರೆ ಬಿಡದಿದ್ದ ಬೆರಳುಗಳಲ್ಲಿ ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಮಡಚುತ್ತ ಬಂದಳು. ತಂಗಿ, ಬೇರೆ ಕೆಲಸವೇ ಸಿಗದವಳ ಹಾಗೆ, ತೂಕದ ಮಿಷನ್ ರಿಪೇರಿ ಅಂಗಡಿಗೆ ಸೇರಿ, ಕಡೆಗೆ ಅಂಗಡಿಯವನನ್ನೇ ಮದುವೆಯಾದಳು. "ಇವಳು ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ, ನನ್ನ ಇಪ್ಪತ್ತು ಕೆ.ಜಿ. ತೂಕದ ಬಟ್ಟು ನೋಡಿ" ಎಂದು ಗಂಡ ಬಂದವರೆದುರೆಲ್ಲ ನಗೆಯಾಡುತ್ತಿದ್ದ. ಅವಳು ನಗುತ್ತಿದ್ದಳು. ಅವನು ಹೇಳುವುದರಲ್ಲಿ ಅರ್ಧ ನಿಜವಿದೆಯೆಂದು ಅವಳೊಬ್ಬಳಿಗೇ ಗೊತ್ತಿತ್ತು.

ಕುಸ್ತಿ, ಬಾಕ್ಸಿಂಗ್, ಜೂಡೋ, ಯಾವ ಪಂದ್ಯವಾದರೂ ಮಿಷನ್ ಹೂಡುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ಆಟಗಾರರ ಬಾಯಲ್ಲಿ ಅವಳು 'ತೂಕದಮ್ಮ' ಆದಳು. ಅವಳ ಸೀಲು ಬಿದ್ದ ಮಿಷನ್ ಎಂದರೆ ಮತ್ತೆ ಎರಡು ಮಾತಿಲ್ಲ.

ಆ ವರ್ಷ ಖಂಡದ ಚಾಂಪಿಯನ್‌ಶಿಪ್ ಅವರ ಊರಿನಲ್ಲೇ ನಡೆಯುವುದೆಂದಾಯಿತು. ಇಪ್ಪತ್ತೆಂಟು ದೇಶಗಳು. ಸಂಘಟಕರು ಕೊಟ್ಟ ಪಟ್ಟಿಯಲ್ಲಿ ಹಸಿರು ಜಾಕೆಟ್ ತೊಡುವ ತಂಡದ ದೇಶದ ಪುಟ ತೆರೆದಾಗ ತೂಕದಮ್ಮನ ಕೈ ಅಲ್ಲೇ ನಿಂತಿತು. ಕೋಚ್: ಅವನು. ಕೂದಲು ಹೋಗಿತ್ತು, ಗಲ್ಲ ಇಳಿದಿತ್ತು, ಆದರೆ ಫೋಟೋದಲ್ಲೂ ಕುತ್ತಿಗೆಯಲ್ಲಿ ಶಿಳ್ಳೆ. ಅದರ ಕೆಳಗೆ, ಮಹಿಳೆಯರ ಐವತ್ತೆರಡು ಕೆ.ಜಿ.: ಅವನ ಮಗಳು. ವಯಸ್ಸು ಹತ್ತೊಂಬತ್ತು.

ಸಂಜೆ ಅಂಗಡಿಯಲ್ಲಿ ಹಳೆಯ ಮ್ಯಾಟಿನ ತುಂಡೊಂದನ್ನು ಹುಡುಕಿ, ಬೆಂಕಿಪೊಟ್ಟಣದಷ್ಟು ದೊಡ್ಡ ನಾಲ್ಕು ಚೂರು ಕತ್ತರಿಸಿದಳು. ಮಿಷನ್ನಿನ ಹೊಟ್ಟೆಯಡಿ ಅವನ್ನು ತುರುಕಿ, ಮೇಲೆ ಹತ್ತಿ ನೋಡಿದಳು. ಮುನ್ನೂರ ಐವತ್ತು ಗ್ರಾಂ ಮಾಯ! ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು.

"ಏನೇ ಅದು, ಒಬ್ಬಳೇ ನಗ್ತಿದೀಯ?" ಎಂದ ಗಂಡ.

"ತೂಕ ಇಳಿದಿದೆ" ಎಂದಳು.

"ಆ ಮಿಷನ್ ನನಗೂ ಒಂದು ಮಾಡಿಕೊಡು ಮಾರಾಯ್ತಿ."

ಪಂದ್ಯದ ದಿನ ಬೆಳಿಗ್ಗೆ ಆರಕ್ಕೆ ಟ್ರಯಲ್, ಎಂಟಕ್ಕೆ ಅಧಿಕೃತ ತೂಕ, ಹತ್ತಕ್ಕೆ ಮೊದಲ ಪಂದ್ಯ. ಐದೂವರೆಗೇ ತೂಕದಮ್ಮ ಎರಡು ಟ್ರಯಲ್ ಮಿಷನ್‌ಗಳನ್ನು ಉದ್ದನೆಯ ಕಾರಿಡಾರಿನ ಕಲ್ಲು ನೆಲದ ಮೇಲೆ ಹೂಡಿದಳು. ನೀರುಮಟ್ಟ ಇಟ್ಟು ಮಿಷನ್ ಸಮನಾಗಿ ಕೂತಿದೆಯೇ ನೋಡಿದಳು, ಬಟ್ಟು ಇಟ್ಟು ಪರೀಕ್ಷಿಸಿದಳು. ಆಮೇಲೆ ಚೀಲದಿಂದ ಮ್ಯಾಟಿನ ಚೂರು ಕೈಗೆ ತೆಗೆದುಕೊಂಡು ಮಂಡಿಯೂರಿದಳು.

ಕೈ ಮುಂದಕ್ಕೆ ಹೋಗಲಿಲ್ಲ.

ಕನಿಕರವಂತೂ ಅಲ್ಲ. ಅವನ ಮೇಲೆ ಎಳ್ಳಷ್ಟೂ ಕನಿಕರವಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಕೈ ಒಂದೇ ಒಂದು ಮಿಷನ್ನಿನ ಬಾಯಿಂದಲೂ ಸುಳ್ಳು ಹೇಳಿಸಿರಲಿಲ್ಲ. ಈಗ ಹೇಳಿಸೆಂದರೆ ಅದಕ್ಕೆ ದಾರಿಯೇ ತಿಳಿಯಲಿಲ್ಲ. ಕಾರಿಡಾರಿನ ತುದಿಯಲ್ಲಿ ಆಗಲೇ ಹತ್ತಾರು ದೇಶದ ಹುಡುಗಿಯರು ಬರಿಗಾಲಲ್ಲಿ, ಒಣಗಿದ ಮುಖ ಹೊತ್ತು ಸಾಲು ನಿಂತಿದ್ದರು. ಹತ್ತುವವಳು ಅವನ ಮಗಳೊಬ್ಬಳೇ ಅಲ್ಲವಲ್ಲ. "ಥೂ ಹೇಡಿ" ಎಂದು ತನ್ನನ್ನೇ ಬೈದುಕೊಂಡು, ಚೂರುಗಳನ್ನು ಚೀಲದ ಬಾಯಿಗೆ ಎಸೆದಳು. ಕಣ್ಣು ಉರಿಯಿತು. ಇಷ್ಟು ವರ್ಷ ಕಾದದ್ದು ಇದಕ್ಕೇನಾ?

ಅಷ್ಟರಲ್ಲಿ ಹಸಿರು ಜಾಕೆಟ್ ಬಂತು.

ಶಿಳ್ಳೆ ಮಗಳ ಭುಜದ ಮೇಲೆ ಕೈಯಿಟ್ಟು ನಡೆದು ಬಂದವನು, ತೂಕದಮ್ಮನ ಎದೆಯ ಮೇಲಿನ ಗುರುತಿನ ಚೀಟಿ ನೋಡಿದ, ಆಮೇಲೆ ಮುಖ ನೋಡಿದ. ಮುಖಕ್ಕಿಂತ ಮೊದಲು ಅವಳ ಹುಬ್ಬಿನ ಮೇಲಿನ ಚಿಕ್ಕಂದಿನ ಗಾಯದ ಗುರುತು ಅವನ ನೆನಪು ಕೆದಕಿರಬೇಕು.

"ನೀನು... ಅವಳ ತಂಗಿ ಅಲ್ವಾ? ಪುಟ್ಟಿ?"

"ನೆನಪಿದೆಯಲ್ಲ ಸಾರ್. ನಿಮ್ಮ ನೆನಪಿಗೆ ಕೈಮುಗೀಬೇಕು."

ಮಗಳು ಆಗಲೇ ಮಿಷನ್ ಹತ್ತಿದ್ದಳು. ಐವತ್ತೊಂದು ಪಾಯಿಂಟ್ ಎಂಟು. "ಆಯ್ತಪ್ಪಾ, ಇನ್ನೂರು ಗ್ರಾಂ ಕಡಿಮೆನೇ ಇದೆ!" ಎಂದು ಎರಡೂ ಕೈ ಮೇಲೆತ್ತಿದಳು.

ಶಿಳ್ಳೆ ನಗಲಿಲ್ಲ. ಐವತ್ತರ ಆ ಮನುಷ್ಯ ಇಪ್ಪತ್ತೆಂಟು ದೇಶದವರೆದುರು ನೆಲಕ್ಕೆ ಮಂಡಿಯೂರಿ, ಕೆನ್ನೆ ಕಲ್ಲಿಗೆ ತಾಗುವಷ್ಟು ಬಗ್ಗಿ ಮಿಷನ್ನಿನ ಹೊಟ್ಟೆಯಡಿ ನೋಡಿದ. ಬೆರಳು ಹಾಕಿ ತಡವಿದ. ಅಲ್ಲೇನೂ ಇರಲಿಲ್ಲ. ಏಳುವಾಗ ಪಕ್ಕದಲ್ಲಿ ಬಾಯಿ ತೆರೆದಿದ್ದ ಚೀಲ ಕಣ್ಣಿಗೆ ಬಿತ್ತು. ಸ್ಪ್ಯಾನರುಗಳ ಮೇಲೆ ಹಸಿರು ಮ್ಯಾಟಿನ ನಾಲ್ಕು ಚೂರು.

ಅವನ ಮುಖದಲ್ಲಿ ಬಣ್ಣ ಇಳಿಯುವುದನ್ನು ತೂಕದಮ್ಮ ನೋಡಿದಳು. ಚೀಲವನ್ನು ಕಾಲಿಂದ ಮೇಜಿನಡಿ ನೂಕಲು ಬೇಕಾದಷ್ಟು ಹೊತ್ತಿತ್ತು. ಅವಳು ನೂಕಲಿಲ್ಲ. ಆ ಕ್ಷಣದಲ್ಲೇ ಅವಳಿಗೆ ಹೊಳೆಯಿತು: ತಾನು ಏನೂ ಮಾಡಬೇಕಿಲ್ಲ. ಮಾಡಬೇಕಾದದ್ದನ್ನೆಲ್ಲ ಇವನು ಇಪ್ಪತ್ತಾರು ವರ್ಷದ ಹಿಂದೆಯೇ ಮಾಡಿ ಮುಗಿಸಿದ್ದಾನೆ.

"ಮಿಷನ್ ಸರಿಯಾಗಿದೆ ಸಾರ್" ಎಂದಳು. ನಕ್ಕಳು ಕೂಡ.

"ಹೌದೌದು. ಸರಿಯಾಗೇ ಇರುತ್ತೆ" ಎಂದು ಅವನು ಹಲ್ಲು ಕಡಿದ. "ಇನ್ನೊಂದು ಮಿಷನ್ ಯಾರು ಹೂಡಿದ್ದು?"

"ನಾನೇ."

ಅವನು ಮೇಜಿನ ಅಧಿಕಾರಿಯ ಹತ್ತಿರ ಹೋಗಿ ತಕರಾರು ತೆಗೆದ. ಚಹಾದ ಲೋಟ ಕೆಳಗಿಡದೆಯೇ ಬಂದ ಆ ದಪ್ಪ ಮನುಷ್ಯ ಎರಡೂ ಮಿಷನ್‌ಗಳ ಮೇಲೆ ಇಪ್ಪತ್ತು ಕೆ.ಜಿ. ಬಟ್ಟು ಇಡಿಸಿದ. ಎರಡೂ ಇಪ್ಪತ್ತು ಎಂದವು. "ನೋಡಪ್ಪಾ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಇನ್ನೇನು ಬೇಕು?"

"ಈ ಬಟ್ಟು ಯಾರದ್ದು?"

"ತೂಕದಮ್ಮಂದೇ. ಇನ್ಯಾರದ್ದು, ನಮ್ಮತ್ತೆಮನೇದಾ?"

ಸಾಲಿನಲ್ಲಿದ್ದವರು ನಕ್ಕರು. ಶಿಳ್ಳೆ ಮಗಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡ. "ಇದು ಕಡಿಮೆ ತೋರಿಸ್ತಿದೆ. ಮುನ್ನೂರೋ ನಾನ್ನೂರೋ ನುಂಗ್ತಿದೆ. ಒಳಗೆ ಹೋದ್ರೆ ಐವತ್ತೆರಡು ದಾಟುತ್ತೆ. ಐನೂರು ಇಳಿಸು, ಆರುನೂರು ಇಳಿದ್ರೆ ಇನ್ನೂ ಒಳ್ಳೇದು. ಜಾಕೆಟ್ ಹಾಕ್ಕೊ, ಓಡು."

"ಅಪ್ಪಾ, ನಿನ್ನೆ ಮಧ್ಯಾಹ್ನದಿಂದ ಒಂದು ಹನಿ ನೀರಿಲ್ಲ. ಮೈಯಲ್ಲಿ ಬೆವರೇ ಉಳಿದಿಲ್ಲ. ಮಿಷನ್ ಸರಿಯಿದೆ ಅಂತ ಅವರೇ ಹೇಳ್ತಿದಾರಲ್ಲ..."

"ಇದೆಲ್ಲ ನನಗೆ ಗೊತ್ತು. ಹೇಗೆ ಮಾಡ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ನೀನು ಓಡು ಮಗಳೇ!"

ಹುಡುಗಿ ಓಡಿದಳು. ಪ್ಲಾಸ್ಟಿಕ್ ಜಾಕೆಟ್ಟಿನ ಮೇಲೆ ಉಣ್ಣೆ ಜಾಕೆಟ್ಟು, ತಲೆಗೆ ಎರಡು ಟೋಪಿ. ಕಾರಿಡಾರಿನ ಈ ತುದಿಯಿಂದ ಆ ತುದಿ, ಮೆಟ್ಟಿಲು ಹತ್ತಿ, ಮೆಟ್ಟಿಲು ಇಳಿದು. ತೊಟ್ಟಿದ್ದ ಪ್ಲಾಸ್ಟಿಕ್ಕಿನ ಪರಪರ ಸದ್ದು ಹೋಗಿ ಬಂದು ಹೋಗಿ ಬಂದು ಮಾಡುತ್ತಿತ್ತು. ಆಮೇಲೆ ಗೋಡೆಗೊರಗಿ ಕೂತು, ಚ್ಯೂಯಿಂಗ್ ಗಮ್ ಅಗಿಯುತ್ತ ಬಾಟಲಿಗೆ ಉಗುಳತೊಡಗಿದಳು. ಉಗುಳು ಬರುತ್ತಿರಲಿಲ್ಲ, ನೊರೆ ಬರುತ್ತಿತ್ತು. ಒಣಗಿದ ಮೈಯಿಂದ ಕೊನೆಯ ಅರ್ಧ ಕೆ.ಜಿ. ತೆಗೆಯುವುದೆಂದರೆ ಏನೆಂದು ತೂಕದಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಕ್ಕನ ಉಗುಳಿನ ಬಾಟಲಿ ಹಿಡಿದುಕೊಂಡು ಕೂತವಳು ಅವಳೇ.

ಏಳೂವರೆಗೆ ಹುಡುಗಿ ಎದ್ದು ಅವಳ ಹತ್ತಿರ ಬಂದಳು. ತುಟಿ ಬಿರಿದಿತ್ತು. "ಆಂಟಿ, ನಿಜ ಹೇಳಿ. ಇದು ಸರಿಯಾಗಿದೆಯಾ?"

"ಸರಿಯಾಗಿದೆ ಮಗಳೇ. ದೇವರಾಣೆಗೂ ಸರಿಯಾಗಿದೆ."

"ಅಪ್ಪ ನಂಬಲ್ಲ."

"ಯಾಕೆ ನಂಬಲ್ಲ ಅಂತ ಅಪ್ಪನನ್ನೇ ಕೇಳು."

ಹುಡುಗಿ ಅಪ್ಪನ ಕಡೆ ತಿರುಗಿದಳು. ಅವನು ಕಣ್ಣು ತಪ್ಪಿಸಿದ.

ಅವನು ನಂಬುವಂಥ ಮಾತೊಂದಿತ್ತು. 'ಮೋಸ ಮಾಡಬೇಕೆಂದೇ ಈ ಚೂರು ತಂದೆ, ಹಾಕೋಕೆ ಹೋದೆ, ಕೈ ಬರಲಿಲ್ಲ' ಎಂದುಬಿಟ್ಟಿದ್ದರೆ ಅವನು ಖಂಡಿತ ನಂಬುತ್ತಿದ್ದ. ಆ ಕೆಲಸ ಮಾಡಿದವನಿಗೆ ಅದು ತಿಳಿಯುತ್ತಿತ್ತು. ಆ ಮಾತು ತೂಕದಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹುಡುಗಿ ಇನ್ನೂ ಎದುರೇ ಇದ್ದಳು. ತೂಕದಮ್ಮ ಮಾತನ್ನು ನುಂಗಿ, ಬಟ್ಟೆ ತೆಗೆದುಕೊಂಡು ಮಿಷನ್ನಿನ ಮೇಲೆ ಬಿದ್ದಿದ್ದ ಬೆವರಿನ ಹೆಜ್ಜೆ ಒರೆಸಿದಳು.

ಪ್ಲಾಸ್ಟಿಕ್ಕಿನ ಸದ್ದು ಮತ್ತೆ ಶುರುವಾಯಿತು.

ಎಂಟಕ್ಕೆ ಒಳಗಿನ ಬಾಗಿಲು ತೆರೆಯಿತು. ಹೋಗುವ ಮುನ್ನ ಹುಡುಗಿ ಕೊನೆಯ ಸಲ ಟ್ರಯಲ್ ಹತ್ತಿದಳು: ಐವತ್ತೊಂದು ಪಾಯಿಂಟ್ ಎರಡು. "ಈಗ ಧೈರ್ಯವಾಗಿ ಹೋಗು. ನಿಜ ತೂಕ ಐವತ್ತೊಂದೂವರೆ, ಹೆಚ್ಚಂದ್ರೆ ಐವತ್ತೊಂದು ಪಾಯಿಂಟ್ ಆರು" ಎಂದ ಅಪ್ಪ. ಒಳಗೆ ಮೇಜಿನ ಅಧಿಕಾರಿ ದೊಡ್ಡ ದನಿಯಲ್ಲಿ ಓದುವುದು ಬಾಗಿಲಾಚೆಗೂ ಕೇಳಿಸಿತು: "ಹಸಿರು, ಐವತ್ತೊಂದು ಪಾಯಿಂಟ್ ಎರಡು. ಪಾಸ್."

ಶಿಳ್ಳೆ ನಿಂತಲ್ಲೇ ನಿಂತ. ನಿಧಾನವಾಗಿ ತಿರುಗಿ ತೂಕದಮ್ಮನನ್ನು ನೋಡಿದ. ಅವಳು ಚೀಲದ ಜಿಪ್ ಎಳೆಯುತ್ತಿದ್ದಳು.

"ಸರಿಯಾಗೇ ಇತ್ತಾ?" ಎಂದ.

ಹತ್ತೂಕಾಲಕ್ಕೆ ಅವನ ಮಗಳ ಪಂದ್ಯ. ಗ್ಯಾಲರಿಯ ತುಂಬ ಬಾವುಟ, ತಮಟೆ, ಕಹಳೆ, ಇಪ್ಪತ್ತೆಂಟು ಭಾಷೆಯ ಕೂಗು. ತೂಕದಮ್ಮ ಕಂಬದ ಪಕ್ಕ ಕೈಕಟ್ಟಿ ನಿಂತಳು. ಎದುರಾಳಿ ನೀಲಿ ಜಾಕೆಟ್ಟಿನ ದೇಶದವಳು, ಸಾಧಾರಣ ಆಟಗಾರ್ತಿ. ಮೊದಲ ಎರಡು ನಿಮಿಷ ಶಿಳ್ಳೆಯ ಮಗಳು ಆಡಿದ್ದು ನೋಡಿ ತೂಕದಮ್ಮನಿಗೇ ಎದೆ ಹಿಂಡಿತು. ಏನು ಹಿಡಿತ, ಏನು ಕಾಲು! ಅಕ್ಕನನ್ನೇ ನೋಡಿದಂತಾಯಿತು. ಮೂರನೆಯ ನಿಮಿಷಕ್ಕೆ ಹಿಡಿತ ಸಡಿಲಾಯಿತು. ನಾಲ್ಕನೆಯದರಲ್ಲಿ ಬಾಯಿ ತೆರೆದುಕೊಂಡಿತು. ಸಮ ಸಮವಾಗಿ ಸಮಯ ಮುಗಿದು, ಹೆಚ್ಚುವರಿ ಆಟ ಶುರುವಾಗುತ್ತಿದ್ದಂತೆ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ನೀಲಿಯವಳು ಕಷ್ಟಪಡಬೇಕಾಗಲಿಲ್ಲ. ಬಾಗಿಲು ತಳ್ಳಿದಷ್ಟು ಸಲೀಸಾಗಿ ಬೀಳಿಸಿದಳು. ಧಪ್ಪೆಂದು ಬೆನ್ನು ಮ್ಯಾಟಿಗೆ ಬಡಿದ ಸದ್ದು ಗ್ಯಾಲರಿಯ ಗದ್ದಲದಲ್ಲೂ ಕೇಳಿಸಿತು.

ಸೋತವಳು ನಮಸ್ಕರಿಸಲು ಎದ್ದಳು, ಕಾಲು ಕೇಳಲಿಲ್ಲ. ಅಪ್ಪ ಒಳಗೆ ಓಡಿಬಂದು, ಮಗಳನ್ನು ಎತ್ತಿಕೊಂಡು ಹೋದ.

'ಬೇಕಿತ್ತು' ಎಂದುಕೊಂಡಳು ತೂಕದಮ್ಮ. 'ಹೀಗೇ ಆಗಬೇಕಿತ್ತು.' ಇಪ್ಪತ್ತಾರು ವರ್ಷ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿದ ಹಾಗೆ ಉಸಿರು ಸಲೀಸಾಯಿತು.

ಮಧ್ಯಾಹ್ನ ಕಾರಿಡಾರಿನಲ್ಲಿ ಅವಳು ಮಿಷನ್ ಬಿಚ್ಚುತ್ತಿದ್ದಳು. ಒಂದನ್ನು ಪೆಟ್ಟಿಗೆಗೆ ಹಾಕಿಯಾಗಿತ್ತು. ಇನ್ನೊಂದರ ಎದುರು ಹೆಜ್ಜೆ ಸದ್ದು ನಿಂತಿತು. ಶಿಳ್ಳೆ. ಹಸಿರು ಜಾಕೆಟ್ ತೋಳಿನ ಮೇಲೆ, ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಆ ಚೂರು ಯಾಕೆ ತಂದಿದ್ದೆ?" ಎಂದ.

"ಹಾಕೋಣ ಅಂತ."

"ಯಾಕೆ ಹಾಕಲಿಲ್ಲ?"

"ಅದು ನನ್ನ ಮಿಷನ್ ಸಾರ್. ನನ್ನ ಸೀಲು. ನಿಮಗೋಸ್ಕರ ಅದನ್ನ ಯಾಕೆ ಕೆಡಿಸಲಿ?"

"ಒಂದು ಮಾತು ಹೇಳಿದ್ರೆ ಆಗ್ತಿತ್ತು."

"ಮೂರು ಸಲ ಹೇಳಿದೀನಿ, ಸರಿಯಾಗಿದೆ ಅಂತ. ನಿಮ್ಮ ಮಗಳ ಎದುರೇ ಹೇಳಿದೀನಿ. ಅವಳು ನಂಬಿದ್ಲು. ನೀವು ನಂಬಲಿಲ್ಲ."

"ನಾನು ನಂಬಲ್ಲ ಅಂತ ಗೊತ್ತಿದ್ದೇ ಹೇಳಿದೆ."

"ಹೌದು."

ಅವನು ಮಿಷನ್ನಿನ ಅಂಕಿ ತೋರಿಸುವ ಕಂಬ ಹಿಡಿದುಕೊಂಡ. "ನನ್ನ ಮಗಳು ಏನು ತಪ್ಪು ಮಾಡಿದ್ಲೇ? ಹತ್ತೊಂಬತ್ತು ವರ್ಷದ ಕೂಸು ಅದು."

"ನಮ್ಮಕ್ಕನಿಗೂ ಹತ್ತೊಂಬತ್ತೇ."

"ಇನ್ನೊಂದು ಕಡೆ ಎತ್ತಿದ್ದು ನೀನೇ ಅಲ್ವಾ!" ಅವನು ಕಿರುಚಿಬಿಟ್ಟ. ಅವನ ಹತ್ತಿರ ಉಳಿದಿದ್ದದ್ದು ಅದೊಂದೇ.

ತೂಕದಮ್ಮನ ಕೈಯಿಂದ ಸ್ಪ್ಯಾನರ್ ಬೀಳಲಿಲ್ಲ. "ಹೌದು. ನಾನೇ ಎತ್ತಿದ್ದು. ನೀವು ನನ್ನ ತಲೆ ಸವರಿದ್ರಿ. ಅವತ್ತಿಂದ ಈ ತಲೆ ತಣ್ಣಗಾಗಿಲ್ಲ. ಇವತ್ತು ಆಗಿದೆ."

ಬೋಳುತಲೆಯ ಆ ದೊಡ್ಡ ಮನುಷ್ಯ ತೂಕದ ಮಿಷನ್ ಮುಂದೆ, ಕಂಬಕ್ಕೆ ಹಣೆ ಒತ್ತಿಕೊಂಡು, ಭುಜ ಕುಲುಕಿಸಿ ಅತ್ತ. ಒಂದು ಕಾಲು ಆಸರೆಗೆಂದು ಮಿಷನ್ನಿನ ಮೇಲೆ ಊರಿತ್ತು. ಬೆಳಕಿನ ಅಂಕಿಗಳು ಆ ಕಾಲಿನ ಭಾರವನ್ನು ತೋರಿಸುತ್ತ ನಾಲ್ಕು, ಐದು, ನಾಲ್ಕು ಎಂದು ಏರಿಳಿಯುತ್ತಿದ್ದವು. ಅವಳು ಕಣ್ಣು ತುಂಬ ನೋಡಿದಳು. ಒಂದು ಚೂರೂ ಬಿಡದೆ ನೋಡಿದಳು.

ಅವನು ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಅತ್ತ ಕಡೆ ಲಾಂಡ್ರಿಯ ಯಂತ್ರಗಳು ಗುಡುಗುತ್ತಿದ್ದವು.

"ಅಕ್ಕಾ, ಅತ್ತ. ಮಿಷನ್ ಮುಂದೆ ನಿಂತು ಅತ್ತ. ನಾನೇ ನೋಡಿದೆ."

"ಯಾರೇ?"

"ಯಾರು ಅಂತೀಯಲ್ಲ! ಶಿಳ್ಳೆ. ನಿನಗೆ ಮಾತು ಕೊಟ್ಟಿರಲಿಲ್ವಾ?" ಎಂದವಳು ಎಲ್ಲವನ್ನೂ ಹೇಳಿದಳು. ಚೂರು, ಚೀಲ, ಪ್ಲಾಸ್ಟಿಕ್ ಜಾಕೆಟ್ಟು, ಐವತ್ತೊಂದು ಪಾಯಿಂಟ್ ಎರಡು, ಮೀನಖಂಡ. ಮಿಷನ್ನಿನ ಇನ್ನೊಂದು ತುದಿಯ ಮಾತನ್ನೂ, ಅದೇ ವೇಗದಲ್ಲಿ, ನಿಲ್ಲಿಸದೆ ಹೇಳಿಬಿಟ್ಟಳು.

ಅತ್ತ ಕಡೆ ಯಂತ್ರವೊಂದು ನಿಂತಿತು.

"ತುದಿ ಹಿಡಿದಿದ್ದು ನೀನು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣೇ. ನಿನ್ನ ಅಂಗೈಯಲ್ಲಿ ಮಿಷನ್ನಿನ ಗ್ರೀಸಿತ್ತು. ನೀರಿನ ಲೋಟಕ್ಕೂ ಹತ್ತಿತ್ತು." ಆಮೇಲೆ ಅಕ್ಕ ಕೇಳಿದಳು: "ಆ ಮಗು ಆಮೇಲೆ ನೀರು ಕುಡೀತಾ?"

ಅದನ್ನು ತೂಕದಮ್ಮ ನೋಡಿರಲಿಲ್ಲ.

"ಹೋಗಿ ನೋಡು" ಎಂದು ಅಕ್ಕ ಫೋನಿಟ್ಟಳು.

ಅವಳು ಹೋದಳು. ಹಸಿರು ಜಾಕೆಟ್ಟಿನವರ ಕೋಣೆ ಖಾಲಿಯಾಗಿತ್ತು, ಬಸ್ಸು ಹೊರಟುಹೋಗಿತ್ತು. ಬೆಂಚಿನ ಮೇಲೆ ಮುಚ್ಚಳ ತೆಗೆಯದ ನೀರಿನ ಬಾಟಲಿಯೊಂದು ನಿಂತಿತ್ತು. ಅದು ಯಾರದ್ದೆಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ತಂಗಿ ಅಕ್ಕನಿಗೆ ಕೊಟ್ಟ ಮಾತು ನಡೆಸಿದ್ದಳು.